ಹಂದಿಯ ಅಂಡಾಣುವಿನ ಕೃತಕ ಪ್ರಚೋದನೆ

ವೀರ್ಯಾಣುವಿನ ಹಂಗಿಲ್ಲದೆ, ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಹಂದಿಯ ಅಂಡಾಣು ವಿಭಜನೆಗೆ ತೊಡಗುವಂತೆ ಮಾಡುವ ಪ್ರಯೋಗಾಲಯ ವಿಧಾನ. ಬಲಿತ ಅಂಡಾಣು ವಿಭಜನೆಯ ನಡುವೆಯೇ ತಡೆದು ನಿಂತಿರುತ್ತದೆ. ವೀರ್ಯಾಣು ಒಳಹೊಕ್ಕಾಗ ಅದರೊಳಗಿನ ಕ್ಯಾಲ್ಸಿಯಂ ಅಲೆಅಲೆಯಾಗಿ ಏರಿಳಿದು ಆ ತಡೆ ಕಳಚುತ್ತದೆ. ಬೇರೊಂದು ಕೋಶದ ಕೇಂದ್ರವನ್ನು ಅಂಡಾಣುವಿಗೆ ಸೇರಿಸಿ ಮರಿ ಪಡೆಯುವ ಕ್ಲೋನಿಂಗ್‌ನಲ್ಲಿ ವೀರ್ಯಾಣುವಿಗೆ ಪಾತ್ರವೇ ಇಲ್ಲ. ಹಾಗಾಗಿ ಆ ಕ್ಯಾಲ್ಸಿಯಂ ಸಂಕೇತವನ್ನು ಹೊರಗಿನಿಂದ ಕೊಡಬೇಕು.

ಈ ವಿದ್ಯೆಗೆ ಹಂದಿ ಸೇರಿದ್ದು ತಡವಾಗಿ. 1899ರಲ್ಲಿ ಜಾಕ್ ಲೋಬ್ ಕಡಲನೀರಿಗೆ ಲವಣ ಬೆರೆಸಿ, ಸೀ ಅರ್ಚಿನ್ ಎಂಬ ಮುಳ್ಳುಮೈ ಜೀವಿಯ ಅಂಡಾಣುಗಳಿಂದ ಲಾರ್ವಾಗಳನ್ನು ಪಡೆದರು. 1910ರಲ್ಲಿ ಯೂಜೀನ್ ಬಟಯೋಂ ಕಪ್ಪೆಯ ಅಂಡಾಣುವನ್ನು ಸೂಜಿಯಿಂದ ಚುಚ್ಚಿಯೇ ಎಬ್ಬಿಸಿದರು. ಸಸ್ತನಿಗಳಲ್ಲಿ ಇದು ಇಷ್ಟು ಸಲೀಸಲ್ಲ. ತಂದೆತಾಯಿಯಿಂದ ಬರುವ ಕೆಲವು ಜೀನ್‌ಗಳು ಬೇರೆಬೇರೆ ಗುರುತು ಹೊತ್ತಿರುತ್ತವೆ ಎಂದು 1984ರ ಇಲಿ ಪ್ರಯೋಗಗಳು ತೋರಿಸಿದವು. ಹಾಗಾಗಿ ತಂದೆಯ ಪಾಲಿಲ್ಲದ ಹಂದಿ ಭ್ರೂಣ ಸುಮಾರು ಒಂದು ತಿಂಗಳಲ್ಲಿ ಗರ್ಭದಲ್ಲೇ ಸಾಯುತ್ತದೆ.

ಪ್ರಯೋಗಕ್ಕೆ ಬೇಕಾದ ಅಂಡಾಣುಗಳು ಬರುವುದು ಹೆಚ್ಚಾಗಿ ಕಸಾಯಿಖಾನೆಯಿಂದ. ಬೆಚ್ಚಗಿನ ಉಪ್ಪುನೀರಿನಲ್ಲಿ ತಂದ ಅಂಡಾಶಯದಿಂದ ಅವನ್ನು ಸಿರಿಂಜಿನಲ್ಲಿ ಹೀರಿ, ಇನ್‌ಕ್ಯುಬೇಟರಿನಲ್ಲಿ 42–44 ಗಂಟೆ ಬಲಿಸುತ್ತಾರೆ. ಬಳಿಕ ಕ್ಯಾಲ್ಸಿಯಂ ಬೆರೆಸಿದ ಮ್ಯಾನಿಟಾಲ್ ದ್ರಾವಣದಲ್ಲಿ, ಎರಡು ತಂತಿಗಳ ನಡುವೆ ಇಟ್ಟು ಮೈಕ್ರೋಸೆಕೆಂಡುಗಳ ವಿದ್ಯುತ್ ಮಿಡಿತ ಹಾಯಿಸುತ್ತಾರೆ. ಪೊರೆಯಲ್ಲಿ ಕ್ಷಣಕಾಲ ರಂಧ್ರಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಇಲಿಯ ಅಂಡಾಣುವಿಗೆ ಸಾಕಾಗುವ ಸ್ಟ್ರಾನ್ಷಿಯಂ ಹಂದಿಯಲ್ಲಿ ಅಷ್ಟಾಗಿ ನಾಟುವುದಿಲ್ಲ.

ಹಂದಿಯ ಕ್ಲೋನಿಂಗ್‌ನಲ್ಲಿ, 1989ರಲ್ಲಿ ರಾಂಡಾಲ್ ಪ್ರಾಥರ್ ತಂಡ ಭ್ರೂಣದ ಕೋಶದಿಂದ ಒಂದು ಮರಿ ಪಡೆಯಿತು. ಬೆಳೆದ ಹಂದಿಯ ಕೋಶದಿಂದ ಮರಿಗಳು ಹುಟ್ಟಿದ್ದು 2000ದ ಮಾರ್ಚ್ 5ರಂದು: ಪಿಪಿಎಲ್ ಥೆರಪ್ಯೂಟಿಕ್ಸ್ ಕಂಪನಿಯ ಐದು ಹೆಣ್ಣುಮರಿಗಳು. ಸ್ವಾರಸ್ಯವೆಂದರೆ, ಈ ಹೆಸರಾಂತ ಯಶಸ್ಸು ಕೃತಕ ಪ್ರಚೋದನೆಯನ್ನು ಪೂರ್ತಿ ನೆಚ್ಚಿರಲಿಲ್ಲ. ಕೋಶಕೇಂದ್ರವನ್ನು ಎರಡನೇ ಬಾರಿ, ಸಹಜವಾಗಿ ಫಲಿತಗೊಂಡ ಅಂಡಾಣುವಿನೊಳಕ್ಕೆ ಸೇರಿಸಿದ್ದರು. ಅದೇ ವರ್ಷ ಜಪಾನಿನ ಅಕಿರಾ ಓನಿಶಿ ತಂಡ ವಿದ್ಯುತ್ ಮಿಡಿತದಿಂದಲೇ ಝೀನಾ ಎಂಬ ಮರಿಯನ್ನು ಪಡೆದ ಮೇಲೆ ಆ ಸುತ್ತುಬಳಸು ಅನಿವಾರ್ಯವಲ್ಲವೆಂದಾಯಿತು.

ಹಂದಿಯ ಗಬ್ಬ ನಿಲ್ಲಲು ಆರಂಭದಲ್ಲಿ ನಾಲ್ಕಾದರೂ ಭ್ರೂಣಗಳು ಬೇಕು. ಕ್ಲೋನ್ ಭ್ರೂಣಗಳು ಅಷ್ಟು ಉಳಿಯುವ ಭರವಸೆ ಇಲ್ಲದ್ದರಿಂದ, ಕೆಲವು ತಂಡಗಳು ಬರೀ ಪ್ರಚೋದಿಸಿದ, ಹುಟ್ಟಲಾಗದ ಭ್ರೂಣಗಳನ್ನೂ ಜತೆಗಿಟ್ಟು ಗಬ್ಬ ಉಳಿಸಿಕೊಂಡವು.

ಭಾರತದಲ್ಲಿ ಕ್ಲೋನಿಂಗ್ ಹೆಸರಾದದ್ದು ಎಮ್ಮೆಯಿಂದ. 2009ರ ಜೂನ್ 6ರಂದು ಕರ್ನಾಲ್‌ನಲ್ಲಿ ಹುಟ್ಟಿದ ಗರಿಮಾ ಎಂಬ ಕ್ಲೋನ್ ಕರು ಇದಕ್ಕೆ ಸಾಕ್ಷಿ. ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ಅಂಡಾಣು ಸಂಶೋಧನೆಯೂ ಕುರಿ, ಎಮ್ಮೆಗಳ ಸುತ್ತಲೇ ಬೆಳೆದಿದೆ.

2015ರಲ್ಲಿ ಪ್ರಾಥರ್ ಒಳಗೊಂಡ ತಂಡವೊಂದು ಅಂಡಾಣುವಿನ ಸತುವನ್ನು ಕಟ್ಟಿಹಾಕುವ ಟಿಪೆನ್ ಎಂಬ ರಾಸಾಯನಿಕದಿಂದಲೂ ಹಂದಿಯ ಅಂಡಾಣುವನ್ನು ಪ್ರಚೋದಿಸಬಹುದೆಂದು ತೋರಿಸಿತು.