ಕೊಟ್ಟದ್ದು, ಬಿಟ್ಟದ್ದು: ದಾನಶಾಸನಗಳಲ್ಲಿ ಫಲದ ಲೆಕ್ಕ

ದಾನ ಮಾಡಿದವನು ಪರರಿಗಾಗಿ ಮಾಡಿದನೋ ತನಗಾಗಿಯೋ ಎಂದು ಕನ್ನಡ ಶಾಸನಗಳನ್ನು ಗದರಿಸಿ ಕೇಳಬೇಕಾದ ಅಗತ್ಯವೇ ಇಲ್ಲ. ಅವು ಏನನ್ನೂ ಮುಚ್ಚಿಡುವುದಿಲ್ಲ. ತಂದೆತಾಯಿಗಳ ಪುಣ್ಯಕ್ಕೆ, ಸತ್ತವರ ಪರೋಕ್ಷವಿನಯಕ್ಕೆ ಅಂದರೆ ನೆನಪಿನ ಗೌರವಕ್ಕೆ, ಒಡೆಯನ ಏಳಿಗೆಗೆ ಎಂದು ಉದ್ದೇಶವನ್ನು ಕಲ್ಲಿನಲ್ಲೇ ಕೊರೆಸಿರುತ್ತಾರೆ. ಬಯಕೆ ಇತ್ತು. ಆ ಬಯಕೆಯಿಂದ ಶಾಸನ ಯಾವ ಕೆಲಸ ಮಾಡಿಸಿಕೊಂಡಿತು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಮೊದಲು ಎರಡು ಕ್ರಿಯಾಪದಗಳನ್ನು ನೋಡೋಣ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನ ದತ್ತಿಯ ದಾಖಲೆಯೇ. ಯುದ್ಧದಲ್ಲಿ ಶೌರ್ಯ ತೋರಿದ ವಿಜಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚು ಆಗಿ, ಅಂದರೆ ಕತ್ತಿ ತೊಳೆದ ಕೊಡುಗೆಯಾಗಿ, 'ಕೊಟ್ಟರು'. ಅದೇ ಕಲ್ಲಿನ ಕೊನೆಯಲ್ಲಿ ಹತ್ತರಲ್ಲೊಂದು ಪಾಲನ್ನು 'ಬಿಟ್ಟರು' ಎಂದಿದೆ. ಮೊದಲನೆಯದು ಹರಿಸಿದ ರಕ್ತಕ್ಕೆ ಸಲ್ಲಿಸಿದ ಬೆಲೆ, ಎರಡನೆಯದು ಕೈಯಿಂದ ಕಳಚಿದ ಹಕ್ಕು. ಇದನ್ನು ನಿಯಮ ಮಾಡುವಂತಿಲ್ಲ. ತೆರಿಗೆಯ ಮಾತಿನಲ್ಲಿ 'ಬಿಡು' ಸಹಜವೇ. ನಂತರದ ಶಾಸನಗಳಲ್ಲಿ ಧಾರೆಯೆರೆದು 'ಕೊಟ್ಟ'ವರೂ ಬೇಕಾದಷ್ಟು ಮಂದಿ. ಆದರೂ 'ಬಿಟ್ಟ ದತ್ತಿ' ಎಂಬ ನುಡಿ ನಿಂತಿತು, ದೇವರಿಗೆ ಬಿಟ್ಟ ಬಸವನಲ್ಲಿ ಇಂದಿಗೂ ಉಳಿದಿದೆ. ಆ ಬಸವ ಯಾರ ಹೊಲವನ್ನಾದರೂ ಮೇಯಬಹುದು, ಬಿಟ್ಟವನ ಹೊಲವನ್ನೂ. ಇದೇ ಕ್ರಿಯಾಪದ, ಹುಡುಗಿಯನ್ನು ದೇವರಿಗೆ ಒಪ್ಪಿಸುವ, ಬಸವಿ ಬಿಡುವ ಪದ್ಧತಿಯಲ್ಲೂ ಇತ್ತೆಂಬುದನ್ನು ಮರೆಯಬಾರದು. ಅಲ್ಲಿ ಬಿಟ್ಟವರು ಹೆತ್ತವರು, ತೆತ್ತವಳು ಹುಡುಗಿ.

ಫಲದ ವಿಷಯ ಇನ್ನೂ ಸ್ವಾರಸ್ಯದ್ದು. ದಾನಶಾಸನದ ಕೊನೆಗೆ ಬರುವ ಶಾಪಾಶಯವನ್ನು ನಾವು ಬೆದರಿಕೆಯೆಂದು ಓದಿ ಮುಂದೆ ಹೋಗುತ್ತೇವೆ: ದತ್ತಿಯನ್ನು ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪಕ್ಕೆ ಹೋಗುವನು, ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗುವನು. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಕಡತ ತೆರೆದಿರುತ್ತದೆ. ದತ್ತಿಯನ್ನು ಕಾಪಾಡಿದವನಿಗೆ ಅದೇ ವಾರಣಾಸಿಯಲ್ಲಿ ಕೋಡು, ಗೊರಸುಗಳಿಗೆ ಹೊನ್ನು ಕಟ್ಟಿಸಿ ಸಾವಿರ ಕವಿಲೆ ದಾನ ಮಾಡಿದ ಫಲ. ಮತ್ತೆ ಮತ್ತೆ ಬರುವ ಸಂಸ್ಕೃತ ಶ್ಲೋಕಗಳಲ್ಲಿ ಒಂದರ ಸಾರ, ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದು ಮಿಗಿಲು ಎಂಬುದು. ಇನ್ನೊಂದು ಮತ್ತೂ ಮುಂದೆ ಹೋಗುತ್ತದೆ: ಸಗರ ಮೊದಲಾದ ಹಲವು ಅರಸರು ನೆಲವನ್ನು ಕೊಟ್ಟಿದ್ದಾರೆ, ನೆಲ ಯಾವಾಗ ಯಾರ ಆಳ್ವಿಕೆಯಲ್ಲಿದೆಯೋ ಆಗ ಫಲವೂ ಅವನದೇ.

ಈ ಕೊನೆಯ ಮಾತು ಕೊಟ್ಟವನ ಬುಡಕ್ಕೇ ಕೊಡಲಿ. ಪುಣ್ಯಕ್ಕಾಗಿ ನೆಲ ಕೊಟ್ಟವನು ಆ ಪುಣ್ಯವನ್ನು ಮುಂದಿನ ಅರಸನಿಗೆ, ಅವನು ವೈರಿ ಕುಲದವನೇ ಆಗಿರಲಿ, ಬರೆದುಕೊಡುತ್ತಿದ್ದಾನೆ. ಬರೆದುಕೊಡದಿದ್ದರೆ ದತ್ತಿ ಉಳಿಯುವುದಿಲ್ಲ. ಗೆದ್ದವನಿಗೆ ಸೋತವನ ದಾನವನ್ನು ಕಾಯಲು ಬೇರೆ ಯಾವ ಕಾರಣವಿದೆ? ಸ್ವಾರ್ಥವನ್ನು ಇಲ್ಲಿ ದೋಷವೆಂದು ತೊಡೆದಿಲ್ಲ, ಬಾಗಿಲಿಗೆ ಅಗುಳಿಯಾಗಿ ಹಾಕಿದ್ದಾರೆ. ಕೊಟ್ಟದ್ದು ಮರಳಲೇಬೇಕೆಂಬ ಕಟ್ಟುಪಾಡನ್ನು ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಮುಂದಿಟ್ಟ. ದಾನವಾದರೆ ಪಡೆದವನಿಂದ ಮರಳಲೇಬಾರದೆಂದು 1986ರಲ್ಲಿ ಮಾನವಶಾಸ್ತ್ರಜ್ಞ ಜೊನಾಥನ್ ಪ್ಯಾರಿ ತೋರಿಸಿದ. ನಮ್ಮ ಕಲ್ಲುಗಳಲ್ಲಿ ಫಲ ಪಡೆದವನಿಂದ ಮರಳುವುದಿಲ್ಲ, ಕೊಟ್ಟವನೊಬ್ಬನಲ್ಲೇ ನಿಲ್ಲುವುದೂ ಇಲ್ಲ.

ಹೆಸರಿನ ಆಸೆಯ ಮಾತು ಬಂದಾಗ ಅತ್ತಿಮಬ್ಬೆಯನ್ನು ನೆನೆಯುವುದು ವಾಡಿಕೆ. 993ರ ಅಜಿತಪುರಾಣದಲ್ಲಿ ರನ್ನ ಅವಳನ್ನು ಹೊಗಳಿದ. 1007ರ ಲಕ್ಕುಂಡಿಯ ಶಾಸನವೂ ಹೊಗಳುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅವಳು ಬರೆಸಿ ಹಂಚಿದಳೆಂಬುದು ಪ್ರಸಿದ್ಧ. ಆ ಕಾವ್ಯವನ್ನು ಬರೆಸಿದವರು ಅವಳ ತಂದೆ ಮಲ್ಲಪ ಮತ್ತು ಅವನ ತಮ್ಮ ಪುನ್ನಮಯ್ಯ ಎಂಬುದನ್ನು ಹೇಳುವವರು ಕಡಿಮೆ. ಹಂಚಿದ ಪ್ರತಿಯೊಂದು ಓಲೆಯ ಕಟ್ಟಿನಲ್ಲೂ ತವರಿನ ಹೆಸರಿತ್ತು. ಇದರಿಂದ ದಾನ ಕುಗ್ಗಿತೆಂದು ನನಗೆ ಅನಿಸುವುದಿಲ್ಲ. ತವರಿನ ಹೆಸರನ್ನು ಉಳಿಸುವ ದಾರಿಗಳು ಎಷ್ಟೋ ಇದ್ದವು. ಅವಳು ಓದುವವರಿಗೆ ಪುಸ್ತಕ ಸಿಗುವ ದಾರಿಯನ್ನು ಆರಿಸಿಕೊಂಡಳು.

ಮರಳಿ ಏನನ್ನೂ ಕೊಡಲಾಗದವರಿಗೆ ಕೊಟ್ಟ ಉದಾಹರಣೆ ಬೇಕೆಂದರೆ ಮಂಡ್ಯ ಜಿಲ್ಲೆಯ ಆತಕೂರಿನ, 949–50ರ ಕಲ್ಲು ಇದೆ. ತಕ್ಕೋಲದ ಯುದ್ಧದ ಬಳಿಕ ಒಡೆಯ ಮೆಚ್ಚಿ ಬೇಡು ಎಂದಾಗ ಮಣಲೆರ ಎಂಬ ಯೋಧ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಸೆಣಸಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ನೆಲವನ್ನು ದತ್ತಿ ಮಾಡಲಾಯಿತು. ಇಲ್ಲಿಯೂ ಕಾವಲು ತಪ್ಪಿಲ್ಲ: ಆ ಸ್ಥಾನದ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ. ನಾಯಿಯ ನೆನಪನ್ನು ಕಾಯುವ ಹೊಣೆ ಗೊರವನ ದಿನದ ಊಟಕ್ಕೆ ಗಂಟುಬಿದ್ದಿತ್ತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿ, ನಾಯಿ ಎರಡೂ ಅದರ ಮೇಲೆ ಇನ್ನೂ ಎದುರುಬದುರಾಗಿವೆ.