ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣೆ

ರೋಗ ಪತ್ತೆ, ಚಿಕಿತ್ಸೆ, ಲಸಿಕೆ ಇವುಗಳ ಬಳಿಕ ಉಳಿಯುವ ಸೂಜಿ, ರಕ್ತ ಮೆತ್ತಿದ ಹತ್ತಿ, ಕೊಳವೆ, ಅಂಗಾಂಶ, ಅವಧಿ ಮೀರಿದ ಔಷಧಿಗಳನ್ನು ಜೈವಿಕ ವೈದ್ಯಕೀಯ ತ್ಯಾಜ್ಯ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯ ಸೇವೆಯಿಂದ ಬರುವ ಕಸದಲ್ಲಿ ಸುಮಾರು ಶೇ. 85 ಭಾಗ ಮನೆಯ ಕಸದಂಥದ್ದೇ. ಅಪಾಯವಿರುವುದು ಉಳಿದ ಶೇ. 15ರಲ್ಲಿ. ಎರಡೂ ಬೆರೆತರೆ ಅಷ್ಟನ್ನೂ ಅಪಾಯಕಾರಿ ಎಂದೇ ಎಣಿಸಬೇಕಾಗುತ್ತದೆ. ಹೀಗಾಗಿ ಸುಧಾರಣೆಗೆ ಮೊದಲು ಕೈಹಾಕಬೇಕಾದ ಜಾಗ ರೋಗಿಯ ಹಾಸಿಗೆಯ ಪಕ್ಕದ ಬುಟ್ಟಿ.

ತಮಿಳುನಾಡಿನ ಸೇಲಂ ಜಿಲ್ಲೆಯ ಕಡಯಂಪಟ್ಟಿಯಂಥ ಊರುಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚು ತೂಕವಿದೆ. ಸೇಲಂ ಮತ್ತು ಧರ್ಮಪುರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ನಡುವಿನ ಹಳ್ಳಿಗಳ ಜನ ನಂಬಿರುವುದು ಆರೋಗ್ಯ ಕೇಂದ್ರ, ಒಬ್ಬರೇ ಡಾಕ್ಟರಿರುವ ಕ್ಲಿನಿಕ್, ಸಣ್ಣ ಲ್ಯಾಬುಗಳನ್ನು. ಈ ತ್ಯಾಜ್ಯದ ನಿರ್ವಹಣೆಗಾಗಿ ಭಾರತದಲ್ಲಿ 1998ರ ಮೊದಲ ನಿಯಮಗಳ ಬದಲಿಗೆ ಬಂದ 2016ರ ನಿಯಮಗಳು ಹಾಸಿಗೆಗಳೇ ಇಲ್ಲದ ಕ್ಲಿನಿಕ್ಕನ್ನೂ ಲಸಿಕಾ ಶಿಬಿರವನ್ನೂ ಹೊಣೆಗೆ ಒಳಪಡಿಸಿವೆ. ಹಳದಿ ಚೀಲಕ್ಕೆ ಅಂಗಾಂಶ, ರಕ್ತ ಮೆತ್ತಿದ ಹತ್ತಿ, ಕೆಂಪಿಗೆ ಕೊಳವೆ, ಕೈಗವಸು, ಸೂಜಿ ತೆಗೆದ ಸಿರಿಂಜು, ತೂತಾಗದ ಬಿಳಿ ಡಬ್ಬಕ್ಕೆ ಸೂಜಿ, ಬ್ಲೇಡು, ನೀಲಿಗೆ ಗಾಜು. ಈ ಬಣ್ಣಗಳ ಹಿಂದೆ ಗಟ್ಟಿ ಕಾರಣವಿದೆ. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಆಟೋಕ್ಲೇವಿನ ಹಬೆಯಲ್ಲಿ ಕ್ರಿಮಿಮುಕ್ತಗೊಳಿಸಿ, ಚೂರು ಮಾಡಿ, ಮರುಬಳಕೆಗೆ ಕಳಿಸಬಹುದು. ಅದೇ ಪ್ಲಾಸ್ಟಿಕ್ ಹಳದಿ ಚೀಲ ಸೇರಿದರೆ ಕುಲುಮೆಗೆ ಹೋಗುತ್ತದೆ. ಅದರಲ್ಲಿನ ಪಿವಿಸಿ ಸುಟ್ಟು ಡಯಾಕ್ಸಿನ್ ಎಂಬ ವಿಷ ಹುಟ್ಟಬಲ್ಲದು. ಅದಕ್ಕೇ ಕುಲುಮೆಯ ಎರಡನೇ ಕೋಣೆಯಲ್ಲಿ ಸುಮಾರು 1,050 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು, ಹೊಗೆ ಅಲ್ಲಿ ಕನಿಷ್ಠ ಎರಡು ಸೆಕೆಂಡು ನಿಲ್ಲಬೇಕು ಎಂಬ ನಿಯಮವಿದೆ.

ಸಣ್ಣ ಕ್ಲಿನಿಕ್ಕಿನಲ್ಲಿ ದಿನಕ್ಕೆ ಬರುವುದು ಒಂದು ಹಿಡಿ ಕಸ, ಅದನ್ನು ಹಿತ್ತಲಲ್ಲೇ ಸುಟ್ಟರೆ ಅಥವಾ ಹೂತರೆ ಸಾಲದೇ ಎಂದು ಕೇಳುವವರಿದ್ದಾರೆ. ಬಯಲಲ್ಲಿ ಹಚ್ಚಿದ ಬೆಂಕಿಗೆ ಅಂಥ ಶಾಖ ಎಲ್ಲಿಂದ ಬರಬೇಕು? ಆಳದ ಗುಂಡಿಗೆ ಅನುಮತಿ ಇರುವುದು ಸಾಮೂಹಿಕ ಸಂಸ್ಕರಣಾ ಘಟಕದ ಸೇವೆ ಸಿಗದ ದುರ್ಗಮ ಹಳ್ಳಿಗಾಡಿಗೆ ಮಾತ್ರ. ಆದರೂ ಆ ಪ್ರಶ್ನೆಯಲ್ಲಿ ನಿಜವಾದ ಒಂದು ಕಷ್ಟ ಅಡಗಿದೆ. ಸಂಸ್ಕರಿಸದ ತ್ಯಾಜ್ಯವನ್ನು ಸಾಮಾನ್ಯವಾಗಿ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಒಂದು ಹಿಡಿ ಕಸಕ್ಕಾಗಿ ಸಂಸ್ಕರಣಾ ಘಟಕದ ಗಾಡಿ ದೂರದಿಂದ ಬಂದರೆ ಖರ್ಚು ಕ್ಲಿನಿಕ್ಕಿನ ಮೇಲೆ ಬೀಳುತ್ತದೆ. ಅಕ್ಕಪಕ್ಕದ ಕ್ಲಿನಿಕ್ಕುಗಳು, ಲ್ಯಾಬುಗಳು ಒಂದೇ ದಾರಿಯ ಗಾಡಿಗೆ ಸೇರಿಕೊಂಡರೆ ಆ ಹೊರೆ ಹಂಚಿಹೋಗುತ್ತದೆ.

ಸಿಬ್ಬಂದಿಗೆ ಪುರುಸೊತ್ತಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಆದರೆ ಬೆರೆತ ಕಸವನ್ನು ಆಮೇಲೆ ಬಿಡಿಸುವುದು ಹೆಚ್ಚು ಸಮಯ ತಿನ್ನುವ, ಅತ್ಯಂತ ಅಪಾಯದ ಕೆಲಸ. ಇಂಜೆಕ್ಷನ್ ಕೊಟ್ಟ ನರ್ಸ್ ಮುಚ್ಚಳ ಮತ್ತೆ ಹಾಕದೆ ಅಲ್ಲೇ ಸೂಜಿಯನ್ನು ಕತ್ತರಿಸಿ ಡಬ್ಬಕ್ಕೆ ಬೀಳಿಸಲು ಕೆಲವೇ ಕ್ಷಣ ಸಾಕು. ಡಬ್ಬ ಮುಕ್ಕಾಲು ತುಂಬುತ್ತಲೇ ಮುಚ್ಚಬೇಕು. ಅದು ತಪ್ಪಿದರೆ ಚುಚ್ಚಿಸಿಕೊಳ್ಳುವವರು ಕಸ ಎತ್ತುವ ಹೆಂಗಸರು. ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದರೆ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ. 30ರವರೆಗೂ ಇದೆ, ಎಚ್ಐವಿಗೆ ಅದು ಸುಮಾರು ಶೇ. 0.3. ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆಗಳನ್ನು ಕಸ ನಿಭಾಯಿಸುವ ಎಲ್ಲರಿಗೂ ಕೊಡಿಸುವುದು ನಿಯಮದ ಪ್ರಕಾರ ಆಸ್ಪತ್ರೆಯ ಕರ್ತವ್ಯ; ಗುತ್ತಿಗೆಯ ಆಯಾಗಳನ್ನು ಈ ಲೆಕ್ಕದಿಂದ ಬಿಡುವುದು ಅನ್ಯಾಯ.

ಬೇರೆಡೆಯ ತ್ಯಾಜ್ಯವನ್ನು ತಂದು ಸುರಿಯುವುದಂತೂ ನೇರ ಅಪರಾಧ. 2024ರ ಡಿಸೆಂಬರಿನಲ್ಲಿ ಕೇರಳದ ಆಸ್ಪತ್ರೆ ಕಸ ತಿರುನೆಲ್ವೇಲಿ ಜಿಲ್ಲೆಯಲ್ಲಿ ಪತ್ತೆಯಾದಾಗ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ವಾಪಸು ಒಯ್ಯುವಂತೆ ಕೇರಳಕ್ಕೆ ಆದೇಶಿಸಿತು. 2025ರಲ್ಲಿ ತಮಿಳುನಾಡು ವಿಧಾನಸಭೆ ಇಂಥ ಕೃತ್ಯವನ್ನು ಗೂಂಡಾ ಕಾಯ್ದೆಯ ವ್ಯಾಪ್ತಿಗೆ ತರುವ ತಿದ್ದುಪಡಿಯನ್ನು ಅಂಗೀಕರಿಸಿತು. ಕಸ ಯಾರದೆಂದು ತೋರಿಸಬಲ್ಲದ್ದು ಪ್ರತಿ ಚೀಲಕ್ಕೂ ಕಡ್ಡಾಯವಾಗಿರುವ ಬಾರ್‌ಕೋಡ್. ಚೀಲ ಕ್ಲಿನಿಕ್ಕಿನ ಬಾಗಿಲು ದಾಟುವ ಮೊದಲೇ ಅದನ್ನು ಅಂಟಿಸಿರಬೇಕು.