ಸರ್ವರ್ ಡೌನ್ ಆದರೆ ಹೊಲದ ಉತಾರ ಅಳಿಸಿಹೋಗುತ್ತದೆಯೇ?

‘ಸರ್ವರ್ ಡೌನ್ ಆಗಿದೆ, ಎಲ್ಲರ ಉತಾರ ಅಳಿಸಿಹೋಗಿವೆ, ಬೇಗ ಹೋಗಿ ಹೆಸರು ಸೇರಿಸಿಕೊಳ್ಳಿ’ ಎಂಬಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನೊಮ್ಮೆ ಓದಿ. ಸರ್ವರ್ ಡೌನ್ ಆಗುವುದು ಬೇರೆ, ದಾಖಲೆ ಅಳಿಯುವುದು ಬೇರೆ. ಮೊದಲನೆಯದು ಆಗಾಗ ಆಗುತ್ತದೆ. ಎರಡನೆಯದು ಅಪರೂಪ, ಆದರೆ ಆಗುವುದೇ ಇಲ್ಲ ಎಂದಲ್ಲ.

ಡೌನ್ ಎಂದರೆ ಏನು?

ಸಂಗೊಳ್ಳಿಯ ರೈತರೊಬ್ಬರು ಬೆಳೆಸಾಲಕ್ಕೆಂದು ಬೈಲಹೊಂಗಲಕ್ಕೆ ಹೋಗಿ ಉತಾರ (ಪಹಣಿ) ಕೇಳುತ್ತಾರೆ ಎಂದುಕೊಳ್ಳಿ. ಭೂಮಿ ಯೋಜನೆ ಬಂದ ಮೇಲೆ ಉತಾರ ಕೈಬರಹದ ಪುಸ್ತಕದಲ್ಲಿಲ್ಲ, ಕಂಪ್ಯೂಟರಿನಲ್ಲಿದೆ. ಕೌಂಟರಿನ ಕಂಪ್ಯೂಟರ್ ಅದನ್ನು ನೆಟ್ ಮೂಲಕ ದೂರದ ಡೇಟಾ ಸೆಂಟರ್‌ನಿಂದ ತರಿಸಿಕೊಳ್ಳುತ್ತದೆ. ನೆಟ್ ಹೋದರೂ, ತಂತ್ರಾಂಶ ಕೆಟ್ಟರೂ, ಒಮ್ಮೆಲೇ ಹೆಚ್ಚು ಜನ ನುಗ್ಗಿದರೂ ನಮಗೆ ಕೇಳಿಸುವುದು ಒಂದೇ ಮಾತು: ‘ಸರ್ವರ್ ಡೌನ್’.

2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಕೈಕೊಟ್ಟು ರಾಜ್ಯದಾದ್ಯಂತ ನೋಂದಣಿಗೆ ತೊಂದರೆಯಾಯಿತು. ಯಂತ್ರಗಳ ಮೂಲಕ ಸುಳ್ಳು ಕೋರಿಕೆಗಳ ಮಳೆ ಸುರಿಸಿದ ಡಿಡಿಒಎಸ್ ದಾಳಿ ಅದು. ಕಚೇರಿಯ ಬಾಗಿಲಿಗೆ ಸಾವಿರಾರು ಜನ ಸುಮ್ಮನೆ ಅಡ್ಡ ನಿಂತ ಹಾಗೆ. ನಿಜವಾದ ಕೆಲಸಕ್ಕೆ ಬಂದವರು ಒಳಗೆ ಹೋಗಲಾರರು, ಆದರೆ ಕಪಾಟಿನ ಕಾಗದ ಅಲ್ಲೇ ಇರುತ್ತದೆ.

ಯಂತ್ರ ಕೆಟ್ಟರೆ?

ಡೇಟಾ ಸೆಂಟರ್‌ನ ಒಂದು ದೊಡ್ಡ ಯಂತ್ರದೊಳಗೆ ತಂತ್ರಾಂಶದಿಂದಲೇ ಮಾಡಿದ ಹಲವು ಕಂಪ್ಯೂಟರ್‌ಗಳು ಓಡುತ್ತಿರುತ್ತವೆ. ಇವೇ ವರ್ಚುವಲ್ ಮಷೀನ್‌ಗಳು. ಇವು ಕಬ್ಬಿಣದ ಪೆಟ್ಟಿಗೆಗಳಲ್ಲ, ಫೈಲುಗಳು. ಹಾಗಾಗಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಸ್ಥಳಾಂತರಿಸಬಹುದು, ಅದೂ ಕೆಲಸ ನಿಲ್ಲಿಸದೆ. ರಾಶಿ ನಡೆದಿರುವಾಗಲೇ ಕಾಳನ್ನು ಮನೆಗೆ ಸಾಗಿಸಿದ ಹಾಗೆ: ಮೊದಲ ಸುತ್ತಿನಲ್ಲಿ ಇದ್ದದ್ದೆಲ್ಲ ಹೋಗುತ್ತದೆ, ಎರಡನೆಯ ಸುತ್ತಿನಲ್ಲಿ ಅಷ್ಟರೊಳಗೆ ಹೊಸದಾಗಿ ಬಿದ್ದದ್ದು, ಮೂರನೆಯದರಲ್ಲಿ ಇನ್ನೂ ಕಡಿಮೆ. ಕೊನೆಯ ಚೂರನ್ನು ಸಾಗಿಸಲು ಕ್ಷಣಮಾತ್ರ ನಿಲ್ಲಿಸಿದರೆ ಸಾಕು, ಬಳಸುವವರಿಗೆ ಗೊತ್ತೇ ಆಗುವುದಿಲ್ಲ.

ಆದರೆ ಹಳೆಯ ಯಂತ್ರ ಜೀವಂತ ಇದ್ದಾಗ ಮಾತ್ರ ಇದು ಸಾಧ್ಯ. ಇಡೀ ಕಟ್ಟಡಕ್ಕೇ ಬೆಂಕಿ ಬಿದ್ದರೆ, ಬೇರೆ ಊರಿನಲ್ಲಿ ಮೊದಲೇ ಇಟ್ಟ ಪ್ರತಿಯಿಂದ ಕೆಲಸ ಶುರುಮಾಡಬೇಕು. ಇದಕ್ಕೆ ಫೇಲ್‌ಓವರ್ ಎನ್ನುತ್ತಾರೆ.

ಆ ಪ್ರತಿ ಎಷ್ಟು ಹೊಸದು?

ಎರಡೂ ಊರಿನಲ್ಲಿ ಬರೆದಾದ ಮೇಲೆಯೇ ‘ಆಯಿತು’ ಎನ್ನುವುದು ಒಂದು ಕ್ರಮ. ಇದರಲ್ಲಿ ಏನೂ ಕಳೆಯುವುದಿಲ್ಲ, ಆದರೆ ಪ್ರತಿ ನಮೂದಿಗೂ ಕಾಯಬೇಕು. ಫೈಬರ್ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ದೆಹಲಿಗೆ ಹೋಗಿ ಬರಲು ಏನಿಲ್ಲವೆಂದರೂ 17 ಮಿಲಿಸೆಕೆಂಡ್ ಬೇಕು. ಒಂದು ಉತಾರಕ್ಕೆ ಅದು ಏನೂ ಅಲ್ಲ, ಆದರೆ ಲಕ್ಷಾಂತರ ನಮೂದುಗಳಿಗೆ ಅದೇ ಹೊರೆ. ಹಾಗಾಗಿ ದೂರದ ಊರುಗಳ ನಡುವೆ ಸಾಮಾನ್ಯವಾಗಿ ಮೊದಲು ಇಲ್ಲಿ ಬರೆದು, ಆಮೇಲೆ ಅಲ್ಲಿಗೆ ಕಳಿಸುತ್ತಾರೆ. ನಡುವೆ ಅನಾಹುತವಾದರೆ ಕೊನೆಯ ಕೆಲವು ಸೆಕೆಂಡು ಅಥವಾ ನಿಮಿಷಗಳ ನಮೂದು ತಪ್ಪಬಹುದು. ಅಂದರೆ, ಬೇರೆ ಊರಿನಲ್ಲಿ ಪ್ರತಿ ಇದ್ದರೆ ಹತ್ತು ವರ್ಷದ ಹಿಂದಿನ ಉತಾರಕ್ಕೆ ಭಯವಿಲ್ಲ. ಸರ್ವರ್ ಬಿದ್ದ ಕ್ಷಣದಲ್ಲಿ ಕೊಟ್ಟ ಅರ್ಜಿಯನ್ನು ಮಾತ್ರ ನೋಡಿಕೊಳ್ಳಬೇಕು.

ತಕ್ಷಣ ಯಾಕೆ ಬದಲಿಸುವುದಿಲ್ಲ?

ಎರಡು ಕೇಂದ್ರಗಳ ನಡುವಿನ ತಂತಿ ಮಾತ್ರ ತುಂಡಾಗಿದ್ದರೆ, ಎರಡೂ ‘ಇನ್ನೊಂದು ಸತ್ತಿದೆ’ ಎಂದು ತಿಳಿದು ಬೇರೆ ಬೇರೆಯಾಗಿ ನಮೂದು ಮಾಡಬಹುದು. ಆಗ ಒಂದೇ ಹೊಲ ಇಬ್ಬರ ಹೆಸರಿಗೆ ಆದೀತು! ಅದಕ್ಕೇ ಮೂರನೆಯ ಜಾಗದಲ್ಲೊಂದು ಸಾಕ್ಷಿ ಇಟ್ಟು, ಹಳೆಯದನ್ನು ಪೂರ್ತಿ ನಿಲ್ಲಿಸಿದ ಮೇಲೆ ಹೊಸದನ್ನು ತೆರೆಯುತ್ತಾರೆ.

ತಡವಾದರೂ ಕಷ್ಟವೇ. 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರುಪೇಟೆ ಸುಮಾರು ನಾಲ್ಕು ತಾಸು ನಿಂತಿತು. ಬದಲಿ ಕೇಂದ್ರವಿದ್ದರೂ ಅಲ್ಲಿಗೆ ಹೋಗಲಿಲ್ಲ. ಮರುತಿಂಗಳೇ ಸೆಬಿ ನಿಯಮ ಬಿಗಿ ಮಾಡಿತು: ತೊಂದರೆಯಾದ 30 ನಿಮಿಷದೊಳಗೆ ವಿಪತ್ತು ಎಂದು ಘೋಷಿಸಬೇಕು, ನಂತರದ 45 ನಿಮಿಷದಲ್ಲಿ ಕೆಲಸ ಮತ್ತೆ ಶುರುವಾಗಬೇಕು. 2024ರ ಮಾರ್ಚ್ 2ರ ಶನಿವಾರ ಷೇರುಪೇಟೆಗಳು ವಿಶೇಷ ವಹಿವಾಟು ನಡೆಸಿ, ಬದಲಿ ಕೇಂದ್ರಕ್ಕೆ ಹೋಗುವುದನ್ನು ಪರೀಕ್ಷಿಸಿದವು.

ಹಾಗಾದರೆ ದಾಖಲೆ ಎಂದೂ ಕಳೆಯುವುದಿಲ್ಲವೇ?

ಕಳೆಯುತ್ತದೆ, ಬೇರೆ ಕಡೆ ಪ್ರತಿ ಇಲ್ಲದಿದ್ದರೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಬ್ಯಾಟರಿಯಿಂದ ಬೆಂಕಿ ಹತ್ತಿ 600ಕ್ಕೂ ಹೆಚ್ಚು ಸೇವೆಗಳು ನಿಂತವು. ಸರ್ಕಾರಿ ನೌಕರರು ಫೈಲು ಇಡುತ್ತಿದ್ದ ಒಂದು ವ್ಯವಸ್ಥೆಗೆ ಹೊರಗೆ ಬ್ಯಾಕಪ್ ಇರಲಿಲ್ಲ, ಅದು ಸುಟ್ಟುಹೋಯಿತು.

ಇನ್ನೊಂದು ಮಾತು. ಒಂದು ಕಡೆ ತಪ್ಪಿ ಅಳಿಸಿದ್ದು ಕ್ಷಣದಲ್ಲೇ ಇನ್ನೊಂದು ಕಡೆಯೂ ಅಳಿಯುತ್ತದೆ. ಆದ್ದರಿಂದ ಜೊತೆಜೊತೆಗೇ ಬದಲಾಗುವ ಪ್ರತಿಯಲ್ಲದೆ, ಹಳೆಯ ತಾರೀಖಿನ ಬ್ಯಾಕಪ್ಪನ್ನೂ ಬೇರೆಯಾಗಿ ಇಡಬೇಕು.

ನೀವು ಏನು ಮಾಡಬಹುದು?

• ‘ಉತಾರ ಅಳಿಸಿದೆ, ಹೊಸದಾಗಿ ಹೆಸರು ಏರಿಸಿಕೊಡುತ್ತೇನೆ’ ಎನ್ನುವವರಿಗೆ ಹಣ ಕೊಡಬೇಡಿ. ಸರ್ವರ್ ಬಂದ ಮೇಲೆ ಸರ್ವೆ ನಂಬರ್ ಹಾಕಿ ಭೂಮಿ ವೆಬ್‌ಸೈಟಿನಲ್ಲಿ ನೀವೇ ನೋಡಿ.
• ಅರ್ಜಿ ಕೊಟ್ಟಾಗ ಸಿಗುವ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಣ ಕಟ್ಟುವಾಗ ಸರ್ವರ್ ನಿಂತರೆ, ಮತ್ತೆ ಕಟ್ಟುವ ಮೊದಲು ಅರ್ಜಿಯ ಸ್ಥಿತಿ ನೋಡಿ.
• ಉತಾರದ ಒಂದು ಪ್ರತಿ ಮನೆಯಲ್ಲಿರಲಿ.

ಒಟ್ಟಿನಲ್ಲಿ: ‘ಸರ್ವರ್ ಡೌನ್, ಹಾಗಾಗಿ ದಾಖಲೆ ಅಳಿಸಿದೆ’ ಎಂಬ ತರ್ಕ ತಪ್ಪು. ದಾಖಲೆ ಉಳಿಯುವುದೋ ಇಲ್ಲವೋ ಎಂಬುದು ಬೇರೆ ಊರಿನಲ್ಲಿ ಅದರ ಪ್ರತಿ ಇದೆಯೇ ಎಂಬುದರ ಮೇಲೆ ನಿಂತಿದೆ. ನಮ್ಮ ದಾಖಲೆ ಇಟ್ಟುಕೊಂಡ ಯಾವ ಕಚೇರಿಗಾದರೂ ಈ ಪ್ರಶ್ನೆ ಕೇಳುವ ಹಕ್ಕು ನಮಗಿದೆ.